ಆರ್ಕಿಡ್ ಐಡಿ: ಗ್ರಂಥಾಲಯದ ಕಡೆಯಿಂದ ನೋಡಿದಾಗ

ನಾನು ವಿಶ್ವವಿದ್ಯಾಲಯದ ಗ್ರಂಥಾಲಯದಲ್ಲಿ ಕೆಲಸ ಮಾಡುತ್ತೇನೆ. ಯಾವ ವಿಭಾಗದವರು ಏನೇನು ಪ್ರಕಟಿಸಿದರು ಅನ್ನೋ ಪಟ್ಟಿ ಪ್ರತಿ ವರ್ಷ ನನ್ನ ಕೈಗೇ ಬರುತ್ತದೆ. ಮೊದಲೆಲ್ಲ ಹೆಸರು ಹಾಕಿ ಹುಡುಕುತ್ತಿದ್ದೆ. ನಮ್ಮಲ್ಲಿ ಒಂದೇ ಹೆಸರು, ಒಂದೇ ಇನಿಷಿಯಲ್ ಇರುವ ಇಬ್ಬರಿದ್ದಾರೆ. ಒಬ್ಬರು ರಸಾಯನಶಾಸ್ತ್ರದವರು, ಇನ್ನೊಬ್ಬರು ಅರ್ಥಶಾಸ್ತ್ರದವರು. ಒಂದು ವರ್ಷ ಪಾಲಿಮರ್ ಕುರಿತ ಲೇಖನ ಅರ್ಥಶಾಸ್ತ್ರದ ಮೇಡಂ ಹೆಸರಿನ ಕೆಳಗೆ ಅಚ್ಚಾಗಿಹೋಯಿತು. ಬರೆದವರ ದುಡಿಮೆ ಬೇರೆಯವರ ಲೆಕ್ಕಕ್ಕೆ ಹೋದರೆ ಹೇಗೆ ಅಲ್ವಾ? ತುಂಬ ಬೇಜಾರಾಯಿತು.

ಆಮೇಲೆ ಎಲ್ಲರಿಗೂ ಆರ್ಕಿಡ್ ಐಡಿ (ORCID), ಅಂದರೆ ಸಂಶೋಧಕರನ್ನು ಗುರುತಿಸುವ ಸಂಖ್ಯೆ, ಮಾಡಿಸಿದೆ. 2012ರಲ್ಲಿ ಶುರುವಾದ ಈ ಸೇವೆ ಸಂಶೋಧಕರಿಗೆ ಉಚಿತ. ಒಬ್ಬರಿಗೆ 16 ಸ್ಥಾನಗಳ ಒಂದು ಸಂಖ್ಯೆ. ಕೆಲಸ ಬದಲಾದರೂ, ಹೆಸರು ಬದಲಾದರೂ ಅದು ಬದಲಾಗುವುದಿಲ್ಲ. ಒಬ್ಬ ಸರ್ ತಮ್ಮ ಸಂಖ್ಯೆಯ ಕೊನೆಯಲ್ಲಿ 'ಎಕ್ಸ್' ಇದೆ, ಏನೋ ತಪ್ಪಾಗಿದೆ ಅಂತ ಗಾಬರಿಯಿಂದ ಬಂದರು. ತಪ್ಪೇನಿಲ್ಲ. ಕೊನೆಯ ಸ್ಥಾನ ಮೊದಲ 15 ಅಂಕಿಗಳನ್ನು ಲೆಕ್ಕ ಹಾಕಿ ಬರುವ ತಾಳೆ ಅಂಕಿ. ಉತ್ತರ 10 ಬಂದರೆ ಒಂದೇ ಸ್ಥಾನದಲ್ಲಿ ಹಿಡಿಸಲ್ಲ, ಅದಕ್ಕೇ ಎಕ್ಸ್. ಬರೆದುಕೊಳ್ಳುವಾಗ ಒಂದು ಅಂಕಿ ತಪ್ಪಿದರೂ ಇದರಿಂದ ಸಿಕ್ಕಿಬೀಳುತ್ತದೆ.

ವಿಜ್ಞಾನದವರಿಗೆ ಇದು ಸಲೀಸು. ಲೇಖನ ಕಳಿಸುವಾಗ ಐಡಿ ಕೊಟ್ಟು, ಲೇಖನಗಳ ವಿವರ ನೋಂದಾಯಿಸಿಕೊಳ್ಳುವ ಸಂಸ್ಥೆಯಾದ ಕ್ರಾಸ್‌ರೆಫ್‌ಗೆ ಒಮ್ಮೆ ಅನುಮತಿ ಕೊಟ್ಟರೆ, ಪ್ರಕಾಶಕರು ಆ ಐಡಿಯನ್ನೂ ಸೇರಿಸಿ ನೋಂದಾಯಿಸಿದ ಲೇಖನ ತಾನಾಗಿ ಅವರ ಆರ್ಕಿಡ್ ಪುಟಕ್ಕೆ ಬಂದು ಕೂರುತ್ತದೆ. ಹಳೆಯದಕ್ಕೆ ಡಿಒಐ (ಲೇಖನಕ್ಕೆ ಕೊಡುವ ಡಿಜಿಟಲ್ ಗುರುತು) ಹಾಕಿದರೆ ಸಾಕು.

ಕಷ್ಟ ಇರುವುದು ಇತಿಹಾಸ, ಸಾಹಿತ್ಯದವರಿಗೆ. ನಮ್ಮ ಇತಿಹಾಸದ ಹಿರಿಯರೊಬ್ಬರ ಕೆಲಸವೆಲ್ಲ ಪುಸ್ತಕಗಳಲ್ಲಿ, ಸಂಪುಟಗಳಲ್ಲಿ ಇದೆ. ಯಾವುದಕ್ಕೂ ಡಿಒಐ ಇಲ್ಲ. ಅವರ ಪುಟ ತೆರೆದರೆ ಬರೀ ಖಾಲಿ. ಏನೂ ಮಾಡಿಲ್ಲವೇನೋ ಅನ್ನೋ ಹಾಗೆ ಕಾಣುತ್ತಿತ್ತು. ಅವರು ತಮ್ಮ ಖಾತೆಯಿಂದ ನನಗೆ ತಿದ್ದುವ ಅನುಮತಿ ಕೊಟ್ಟರು. ಇಂಥ ಸೌಲಭ್ಯ ಇದೆ ಅನ್ನೋದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಪುಸ್ತಕಗಳನ್ನು ಮೇಜಿನ ಮೇಲೆ ಹರಡಿಕೊಂಡು, ಒಂದೊಂದರ ಐಎಸ್‌ಬಿಎನ್ (ಪುಸ್ತಕದ ಗುರುತು ಸಂಖ್ಯೆ) ನೋಡಿ ಟೈಪ್ ಮಾಡಿದೆ. ಪುಸ್ತಕದ ಹೆಸರನ್ನು ಅದರ ಲಿಪಿಯಲ್ಲೇ ಹಾಕಿ, ಪಕ್ಕದಲ್ಲಿ ಅನುವಾದಿಸಿದ ಹೆಸರನ್ನೂ ಸೇರಿಸಬಹುದು. ಇದು ನನಗೆ ತುಂಬ ಹಿಡಿಸಿತು. ಆದರೆ ಈ ಕೈಕೆಲಸಕ್ಕೆ ಜಾಸ್ತಿ ಸಮಯ ಬೇಕು. ಪುಸ್ತಕ ಬರೆಯುವವರಿಗೆ ದಾರಿ ಇನ್ನೂ ಸುಲಭವಾಗಬೇಕು.

ಇನ್ನೊಂದು ಕೊರತೆ: ಸುಮ್ನೆ ಸಂಖ್ಯೆ ತೆಗೆದುಕೊಂಡು ಮರೆತವರ ಪುಟ ಖಾಲಿಯೇ ಉಳಿಯುತ್ತದೆ. ಜೊತೆಗೆ ಪುಟ ಎಲ್ಲರಿಗೂ ಕಾಣುವಂತೆ ಇಟ್ಟಿದ್ದೀರಾ ನೋಡಿಕೊಳ್ಳಿ. 'ನನಗೆ ಮಾತ್ರ' ಅಂತ ಇದ್ದರೆ ನನ್ನಂಥವರಿಗೆ ಏನೂ ಸಿಗುವುದಿಲ್ಲ.

ಎಷ್ಟು ಜನ ಉಲ್ಲೇಖಿಸಿದರು ಅನ್ನೋ ಲೆಕ್ಕವನ್ನು ಇದು ತೋರಿಸುವುದಿಲ್ಲ. ನನಗೆ ಅದೇ ಇಷ್ಟ. ಇತಿಹಾಸದ ಸರ್ ತಮ್ಮ ಪುಟವನ್ನು ಮೇಲಿನಿಂದ ಕೆಳಗೆ ಓದಿ, "ಇದೊಂದು ಬಿಟ್ಟುಹೋಗಿದೆ ಕಣಮ್ಮಾ" ಅಂತ ಚೀಲದಿಂದ ಇನ್ನೊಂದು ಪುಸ್ತಕ ತೆಗೆದರು.