ಎಆರ್‌ಟಿ ಕೇಂದ್ರದ ಕೌನ್ಸೆಲಿಂಗ್ ಕೊಠಡಿ: ನನ್ನ ಎಂಟು ವರ್ಷದ ಅನುಭವ

ನಾನು ಸಿರುಗುಪ್ಪ ಕಡೆಯವನು. ಅಕ್ಕಿ ಮಿಲ್ಲಿನಲ್ಲಿ ಲೆಕ್ಕ ಬರೆಯುತ್ತೇನೆ. ಎಂಟು ವರ್ಷದಿಂದ ಎಚ್‌ಐವಿಗೆ ಮಾತ್ರೆ ತೆಗೆದುಕೊಳ್ಳುತ್ತಿದ್ದೇನೆ. ಹೋಟೆಲ್ ಬಗ್ಗೆ, ಮೊಬೈಲ್ ಅಂಗಡಿ ಬಗ್ಗೆ ಎಲ್ಲರೂ ಬರೆಯುತ್ತಾರೆ. ಎಚ್‌ಐವಿಗೆ ಮಾತ್ರೆ ಕೊಡುವ ಎಆರ್‌ಟಿ ಕೇಂದ್ರದ ಬಗ್ಗೆ ಬರೆಯುವವರು ಕಡಿಮೆ. ಹೊಸದಾಗಿ ರಿಪೋರ್ಟ್ ಕೈಗೆ ಬಂದವರಿಗೆ ಇದು ಬೇಕು ಅಂತ ಬರೆಯುತ್ತಿದ್ದೇನೆ. ಬಳ್ಳಾರಿ ಕಡೆಯ ಕೇಂದ್ರ ಅಂತ ಮಾತ್ರ ಹೇಳುತ್ತೇನೆ, ಹೆಸರು ಬೇಡ.

ಮಾತ್ರೆ ಪೂರ್ತಿ ಉಚಿತ. ಸರ್ಕಾರ 2004ರಿಂದ ಕೊಡುತ್ತಿದೆ. ಮೊದಲು ಕೊಡುತ್ತಿದ್ದ ಮಾತ್ರೆಗೆ ನನಗೆ ರಾತ್ರಿ ತಲೆ ತಿರುಗುತ್ತಿತ್ತು, ಕೆಟ್ಟ ಕನಸು ಬೀಳುತ್ತಿದ್ದವು. ಡೊಲುಟೆಗ್ರಾವಿರ್ ಇರುವ ಮಾತ್ರೆಗೆ ಬದಲಾಯಿಸಿದ ಮೇಲೆ ಅದು ನಿಂತಿತು. ದಿನಕ್ಕೆ ಒಂದೇ. ಈಗ ರಕ್ತದಲ್ಲಿ ವೈರಸ್ ಎಷ್ಟಿದೆ ಅಂತ ನೋಡುವ ವೈರಲ್ ಲೋಡ್ ಟೆಸ್ಟ್‌ನಲ್ಲಿ ವೈರಸ್ ಕಾಣುವುದಿಲ್ಲ. ಹಾಗೆ ಕಾಣದಿದ್ದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದಿಲ್ಲ. ನನ್ನ ಹೆಂಡತಿಯ ಟೆಸ್ಟ್ ಇವತ್ತಿಗೂ ನೆಗೆಟಿವ್.

ಕೊರತೆಯನ್ನೂ ಹೇಳಬೇಕಲ್ವಾ? ಕೌನ್ಸೆಲಿಂಗ್ ಕೊಠಡಿಯ ಬಾಗಿಲು ಸರಿಯಾಗಿ ಮುಚ್ಚುವುದಿಲ್ಲ. ಒಳಗಿನ ಮಾತು ಹೊರಗಿನ ಬೆಂಚಿಗೆ ಕೇಳುತ್ತದೆ. ನಮ್ಮ ವಿಷಯ ಗುಟ್ಟಾಗಿ ಇಡಬೇಕು ಅಂತ 2017ರ ಎಚ್‌ಐವಿ ಕಾಯ್ದೆಯೇ ಹೇಳುತ್ತದೆ. ಆ ಬಾಗಿಲನ್ನು ಸರಿ ಮಾಡಿಸಲೇಬೇಕು.

ಆದರೂ ನಾನು ಇದೇ ಕೇಂದ್ರಕ್ಕೆ ಹೋಗುವುದು ಅಲ್ಲಿನ ಕೌನ್ಸೆಲರ್ ಮೇಡಂಗಾಗಿ. ಎರಡನೇ ವರ್ಷದಲ್ಲಿ ಒಬ್ಬ 'ತೊಂಬತ್ತು ದಿನದಲ್ಲಿ ಬೇರುಸಹಿತ ಗುಣ' ಅಂತ ಪುಡಿ ಕೊಟ್ಟ. ಹದಿನೆಂಟು ಸಾವಿರ ಕೊಟ್ಟೆ. ಮಾತ್ರೆ ಬಿಟ್ಟೆ. ಎರಡು ತಿಂಗಳಲ್ಲಿ ಜ್ವರ ಹಿಡಿಯಿತು, ವೈರಸ್ ಮತ್ತೆ ಏರಿತ್ತು. ಬೈಸಿಕೊಳ್ಳಲು ಸಿದ್ಧನಾಗಿಯೇ ಹೋಗಿದ್ದೆ. ಮೇಡಂ ಮೊದಲು ಕೇಳಿದ್ದು "ಊಟ ಮಾಡೀರೇನಣ್ಣಾ?" ಅಂತ.

ಆಮೇಲೆ ಕೇಳಿದರು, "ಗದ್ದ್ಯಾಗ ಕಳೆ ಕಿತ್ತ ಮ್ಯಾಲೆ ಬೀಜ ಎಲ್ಲಿರ್ತಾವು?"

"ಮಣ್ಣಾಗ ಮೇಡಂ."

"ಇದೂ ಹಂಗೇ ಅಣ್ಣಾ. ಮಾತ್ರೆ ಕಳೆ ಬೆಳೀಗೊಡಂಗಿಲ್ಲ. ಆದ್ರ ಬೀಜ ನಿಮ್ ರಕ್ತದ ಕಣದಾಗ ಮಲಗಿರ್ತಾವು. ಮಾತ್ರೆ ಬಿಟ್ರ ಮತ್ತ ಮೊಳೀತಾವು. ಆ ಬೀಜ ಹೆಂಗ ತೆಗೀಬೇಕು ಅಂತ ಜಗತ್ತಿನ ವಿಜ್ಞಾನಿಗಳೆಲ್ಲ ಕೂಡಿ ಹುಡುಕಾಕತ್ತಾರ. ಪುಡಿ ಮಾರೋನಿಗೆ ಸಿಕ್ಕಿದ್ರ ಅವ್ರಿಗೆ ಸಿಗ್ತಿರಲಿಲ್ಲೇನು?"

ಅವತ್ತಿನಿಂದ ಹೋದಾಗೆಲ್ಲ ಹೊಸದೇನು ಅಂತ ಕೇಳುತ್ತೇನೆ. ಅವರು ಓದಿ ಹೇಳುತ್ತಾರೆ. ಎಚ್‌ಐವಿಯಿಂದ ಮೊದಲು ಗುಣವಾದ ಟಿಮೊತಿ ರೇ ಬ್ರೌನ್ ಕತೆ ಕೇಳಿದ್ದು ಅಲ್ಲೇ. ಬರ್ಲಿನ್‌ನಲ್ಲಿದ್ದ ಅವರಿಗೆ ಎಚ್‌ಐವಿ ಜೊತೆಗೆ ರಕ್ತದ ಕ್ಯಾನ್ಸರ್ ಕೂಡ ಇತ್ತು. 2007 ಮತ್ತು 2008ರಲ್ಲಿ ಅವರಿಗೆ ಒಬ್ಬ ದಾನಿಯ ಕಾಂಡಕೋಶ, ಅಂದರೆ ರಕ್ತ ಹುಟ್ಟಿಸುವ ಕಣ, ಕಸಿ ಮಾಡಿದರು. ಆ ದಾನಿಯ ಕಣಗಳಲ್ಲಿ ವೈರಸ್ ಒಳಗೆ ನುಗ್ಗುವ ಸಿಸಿಆರ್5 ಎಂಬ ಬಾಗಿಲೇ ಇರಲಿಲ್ಲ. ವೈರಸ್ ಮರಳಲಿಲ್ಲ. ಆಮೇಲೆ ಲಂಡನ್‌ನಲ್ಲಿ, ಜರ್ಮನಿಯ ಡುಸೆಲ್ಡಾರ್ಫ್‌ನಲ್ಲಿ ಹೀಗೆ ಬೆರಳೆಣಿಕೆಯ ಮಂದಿ ಗುಣವಾದರು. "ನನಗೂ ಮಾಡ್ತಾರಾ?" ಅಂದೆ. ಕ್ಯಾನ್ಸರ್ ಇದ್ದವರಿಗೆ ಮಾತ್ರ, ಜೀವಕ್ಕೇ ಅಪಾಯದ ಚಿಕಿತ್ಸೆ ಅದು, ಒಂದು ಮಾತ್ರೆಯಲ್ಲಿ ಚೆನ್ನಾಗಿರುವವರಿಗೆ ಅಲ್ಲ ಅಂದರು. ನೇರವಾಗಿ. ಆ ನೇರ ಮಾತು ನನಗೆ ಇಷ್ಟ.

ಅಮೆರಿಕದ ಮಿಸಿಸಿಪಿಯಲ್ಲಿ ಎಚ್‌ಐವಿಯೊಂದಿಗೆ ಹುಟ್ಟಿದ ಮಗುವಿನ ವಿಷಯವನ್ನೂ ಮೇಡಂ ಮುಚ್ಚಿಡಲಿಲ್ಲ. ಮಾತ್ರೆ ನಿಲ್ಲಿಸಿ 27 ತಿಂಗಳು ವೈರಸ್ ಕಾಣದೆ ಇದ್ದು, 2014ರಲ್ಲಿ ಮತ್ತೆ ಬಂತು. ಅವತ್ತು ಬಸ್ಸಿನಲ್ಲಿ ಕೂತು ಅತ್ತಿದ್ದೇನೆ.

ಎಚ್‌ಐವಿ ಗುಣಪಡಿಸುವ ದಾರಿ ಹುಡುಕುವುದು ಒಬ್ಬರಿಂದ ಆಗುವ ಕೆಲಸ ಅಲ್ಲ ಅಂತ ಈಗ ಗೊತ್ತಾಗಿದೆ. ಅಮೆರಿಕದಲ್ಲಿ 2011ರಿಂದ ಮಾರ್ಟಿನ್ ಡೆಲಾನಿ ಹೆಸರಿನಲ್ಲಿ ಸರ್ಕಾರದ ದುಡ್ಡಿನಿಂದ ಸಂಶೋಧನಾ ತಂಡಗಳು ನಡೆಯುತ್ತಿವೆ. ಬೇರೆ ಬೇರೆ ವಿಶ್ವವಿದ್ಯಾಲಯದವರು, ಔಷಧ ಕಂಪನಿಯವರು, ನಮ್ಮಂಥ ಎಚ್‌ಐವಿ ಇರುವವರು ಒಟ್ಟಿಗೆ ಕೂರುತ್ತಾರೆ. ಡೆಲಾನಿ ಡಾಕ್ಟರ್ ಅಲ್ಲ, ರೋಗಿಗಳ ಪರ ಹೋರಾಡಿದವರು. ದಕ್ಷಿಣ ಆಫ್ರಿಕಾದ ಡರ್ಬನ್‌ನಲ್ಲಿ ಎಚ್‌ಐವಿ ಇರುವ 20 ಮಹಿಳೆಯರಿಗೆ ವೈರಸ್ ತಡೆಯುವ ಪ್ರತಿಕಾಯ (ಆಂಟಿಬಾಡಿ) ಮತ್ತು ಇನ್ನೊಂದು ಔಷಧಿ ಕೊಟ್ಟು ಡಾಕ್ಟರ ನಿಗಾದಲ್ಲಿ ಮಾತ್ರೆ ನಿಲ್ಲಿಸಿ ನೋಡಿದರು. ನಾಲ್ವರು ಒಂದು ವರ್ಷಕ್ಕಿಂತ ಜಾಸ್ತಿ ಮಾತ್ರೆ ಇಲ್ಲದೆ ಇದ್ದರು. ಉಳಿದ ಹದಿನಾರು ಮಂದಿಯೂ ಅಷ್ಟೇ ದೊಡ್ಡವರು. ವೈರಸ್ ಮತ್ತೆ ಏರಬಹುದು ಅಂತ ಗೊತ್ತಿದ್ದೂ ಒಪ್ಪಿಕೊಂಡರಲ್ಲ! ಅವರಿಗೆ ಕೈ ಮುಗಿಯುತ್ತೇನೆ.

ಹೊಸಬರು ಕೇಂದ್ರದವರು ಕೊಡುವ ಚಿಕಿತ್ಸೆಯ ಹಸಿರು ಪುಸ್ತಕ ಮರೆಯದೆ ಒಯ್ಯಿರಿ. ಬೆಳಿಗ್ಗೆ ಬೇಗ ಹೋಗಿ, ಮಧ್ಯಾಹ್ನದ ಬಸ್ಸು ಸಿಗುತ್ತದೆ. ಯಾರೊಂದಿಗೂ ಹೇಳಿಕೊಳ್ಳಲು ಆಗದಿದ್ದರೆ ಸರ್ಕಾರದ ಏಡ್ಸ್ ಸಹಾಯವಾಣಿ 1097ಕ್ಕೆ ಫೋನ್ ಮಾಡಿ, ದುಡ್ಡು ಬೀಳುವುದಿಲ್ಲ. ಕೌನ್ಸೆಲಿಂಗ್ ಬೇಡ, ಮಾತ್ರೆ ಮಾತ್ರ ಕೊಡಿ ಅಂತ ಓಡಿಬರಬೇಡಿ. ಹತ್ತು ನಿಮಿಷ ಕೂತು, ಮನಸ್ಸಲ್ಲಿರುವುದನ್ನು ಕೇಳಿ.