ಮನೆಯೊಳಗಿನ ಆರ್ಕಿಡ್: ಫೆಲನಾಪ್ಸಿಸ್ ಕೊಳ್ಳುವುದೋ, ಡೆಂಡ್ರೋಬಿಯಂ ಕೊಳ್ಳುವುದೋ?

ಕಿಟಕಿ ಪೂರ್ವಕ್ಕಿದ್ದು ಬೆಳಗಿನ ಎಳೆಬಿಸಿಲು ಮಾತ್ರ ಬೀಳುವುದಾದರೆ ಕಣ್ಣು ಮುಚ್ಚಿಕೊಂಡು ಫೆಲನಾಪ್ಸಿಸ್ ಕೊಳ್ಳಿ. ಹೂದಂಟು ಹೊರಡಲು ಅದಕ್ಕೆ ಬೇಕಾದದ್ದು ದುಬಾರಿ ಗೊಬ್ಬರವಲ್ಲ, ಕೆಲವು ವಾರಗಳ ತಂಪು ರಾತ್ರಿ. 16–18 ಡಿಗ್ರಿ ಸಾಕು. ಮೈಸೂರಿನ ಡಿಸೆಂಬರ್, ಜನವರಿ ಅದನ್ನು ಪುಕ್ಕಟೆ ಕೊಡುತ್ತವೆ, ಕಿಟಕಿ ತೆರೆದಿಡಬೇಕಷ್ಟೆ. ಬೇರು ಬೆಳ್ಳಿಬಣ್ಣಕ್ಕೆ ತಿರುಗಿದಾಗ ನೀರು ಹಾಕಿ, ಹಸಿರಾಗಿದ್ದರೆ ಮುಟ್ಟಬೇಡಿ. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಗಿಡ ಕೊಳೆಯುತ್ತದೆ. ಹೂವು ಮಾತ್ರ ಎರಡು ಮೂರು ತಿಂಗಳು ಬಾಡುವುದಿಲ್ಲ.

ಡೆಂಡ್ರೋಬಿಯಂಗೆ ಬಿಸಿಲಿನ ಆಸೆ ಹೆಚ್ಚು. ಬಾಲ್ಕನಿಯ ಗ್ರಿಲ್ ಪಕ್ಕ ಮೂರು ನಾಲ್ಕು ಗಂಟೆ ಬಿಸಿಲು ಸಿಗದಿದ್ದರೆ ಎಲೆ ಬೆಳೆಸಿಕೊಂಡು ಸುಮ್ಮನೆ ಕೂರುತ್ತದೆ. ಎಲೆ ಉದುರಿದ ಹಳೆಯ ಕಾಂಡವನ್ನು ಕತ್ತರಿಸಬೇಡಿ, ಅದರಲ್ಲೂ ಹೂವು ಬರುತ್ತದೆ. ಮಂಡ್ಯದ ಬೇಸಿಗೆಗೆ ನನ್ನ ಮತ ಇದಕ್ಕೇ.