ಬಾನೆಟ್ ತೆರೆದಿಡಬೇಕಾದ ಕಾರು: ಏರ್‌ಫಿಕ್ಸ್‌ನ ‘ಬ್ಲೋವರ್’ ಬೆಂಟ್ಲಿ ಕಿಟ್

1930ರ ನಾಲ್ಕೂವರೆ ಲೀಟರ್ ಬೆಂಟ್ಲಿ ರೇಸ್ ಕಾರನ್ನು ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿ ಏರ್‌ಫಿಕ್ಸ್ ಸಂಸ್ಥೆ ರೂಪಿಸಿದ, ಬಿಡಿಭಾಗಗಳನ್ನು ನಾವೇ ಅಂಟಿಸಿ ಕಟ್ಟುವ ಪ್ಲಾಸ್ಟಿಕ್ ಕಿಟ್ ಮೊದಲು ಮಾರುಕಟ್ಟೆಗೆ ಬಂದದ್ದು 1970ರ ದಶಕದ ಆರಂಭದಲ್ಲಿ. ಆ ಬಳಿಕ ಅದು ಹಲವು ಬಾರಿ ಮರಳಿ ಬಂದಿದೆ. ಪೆಟ್ಟಿಗೆಯ ರೂಪ ಬದಲಾಗಿದೆಯೇ ಹೊರತು ಒಳಗಿರುವುದು ಅದೇ ಹಳೆಯ ಅಚ್ಚಿನ ಭಾಗಗಳು. ಅರ್ಧ ಶತಮಾನದಷ್ಟು ಹಳೆಯದಾದ ಅಚ್ಚಿಗೆ ಇಂದಿನ ಬೆಲೆ ಕೊಡಬೇಕೆ ಎಂಬ ಪ್ರಶ್ನೆ ಮೈಸೂರಿನಲ್ಲಿ ಈ ಹವ್ಯಾಸ ಇಟ್ಟುಕೊಂಡಿರುವ ನಮ್ಮಂತಹವರ ಮಾತಿನಲ್ಲಿ ಆಗಾಗ ಏಳುತ್ತದೆ. ಹಳೆಯ ರೇಸ್ ಕಾರೊಂದು ಹೇಗೆ ಓಡುತ್ತಿತ್ತು, ಎಲ್ಲಿ ಸೋಲುತ್ತಿತ್ತು ಎಂದು ಕೈಯಿಂದ ಮುಟ್ಟಿ ತಿಳಿಯುವ ಆಸೆಯುಳ್ಳವರು ಧಾರಾಳವಾಗಿ ಕೊಡಬಹುದು. ಷೋಕೇಸಿನಲ್ಲಿ ಹೊಳೆಯುವ ಕಾರು ಬೇಕೆನ್ನುವವರಿಗೆ ಅಷ್ಟೇ ಹಣಕ್ಕೆ ಸಿದ್ಧಪಡಿಸಿದ ಲೋಹದ ಮಾದರಿಗಳು ಸಿಗುತ್ತವೆ ಎಂಬುದು ಇದನ್ನು ಪೂರ್ತಿಯಾಗಿ ಜೋಡಿಸಿ ಮುಗಿಸಿದ ಮೇಲೆ ನಾನು ತಳೆದಿರುವ ಅಭಿಪ್ರಾಯ.

ಈ ಅಭಿಪ್ರಾಯಕ್ಕೆ ಕಾರಣ ಕಿಟ್ಟಿಗಿಂತ ಮೊದಲು ಆ ಕಾರಿನ ಚರಿತ್ರೆಯಲ್ಲಿದೆ. ನಾಲ್ಕೂವರೆ ಲೀಟರ್ ಬೆಂಟ್ಲಿಗಳು ಒಟ್ಟು 720 ತಯಾರಾದವು. ಅವುಗಳಲ್ಲಿ ಸೂಪರ್‌ಚಾರ್ಜರ್, ಅಂದರೆ ಎಂಜಿನ್ನಿಗೆ ಗಾಳಿಯನ್ನು ಒತ್ತಿ ತುಂಬುವ ಸಾಧನ, ಇದ್ದವು 55 ಮಾತ್ರ; ‘ಬ್ಲೋವರ್’ ಎಂಬ ಹೆಸರು ಬಂದದ್ದು ಅದರಿಂದಲೇ. ಸೂಪರ್‌ಚಾರ್ಜರ್ ಇಲ್ಲದ ಕಾರು 1928ರಲ್ಲಿ ಫ್ರಾನ್ಸಿನ ಲ ಮಾನ್ ಇಪ್ಪತ್ತನಾಲ್ಕು ಗಂಟೆಗಳ ಓಟವನ್ನು ಗೆದ್ದಿತ್ತು. ಹೆಚ್ಚು ಶಕ್ತಿ ಬೇಕಾದರೆ ಎಂಜಿನ್ನಿನ ಗಾತ್ರವನ್ನೇ ಹಿಗ್ಗಿಸಬೇಕೆಂಬುದು ಸಂಸ್ಥಾಪಕ ಡಬ್ಲ್ಯೂ. ಓ. ಬೆಂಟ್ಲಿಯವರ ದೃಢವಾದ ನಿಲುವಾಗಿತ್ತು, ಹಾಗೆ ಹುಟ್ಟಿದ್ದೇ ಆರೂವರೆ ಲೀಟರ್‌ನ ಸ್ಪೀಡ್ ಸಿಕ್ಸ್. ಆದರೆ ಅವರ ತಂಡದಲ್ಲಿಯೇ ಓಡಿಸುತ್ತಿದ್ದ ಸರ್ ಹೆನ್ರಿ ‘ಟಿಮ್’ ಬರ್ಕಿನ್ ಅದನ್ನು ಒಪ್ಪಲಿಲ್ಲ. ಇರುವ ಎಂಜಿನ್ನಿಗೇ ಗಾಳಿಯನ್ನು ಒತ್ತಿ ತುಂಬಿಸಿದರೆ ಸಾಕೆಂದು ಅವರು ವಾದಿಸಿದರು, ಎಂಜಿನಿಯರ್ ಆಂಹರ್ಸ್ಟ್ ವಿಲಿಯರ್ಸ್ ಅವರಿಂದ ಸೂಪರ್‌ಚಾರ್ಜರ್ ಮಾಡಿಸಿದರು, ಸಿರಿವಂತೆ ಡೊರೊತಿ ಪ್ಯಾಜೆಟ್ ಅವರಿಂದ ಹಣ ಹೊಂದಿಸಿಕೊಂಡರು ಮತ್ತು ಕಂಪನಿಯ ಅಧ್ಯಕ್ಷ ವುಲ್ಫ್ ಬಾರ್ನಾಟೊ ಅವರಿಂದ ಒಪ್ಪಿಗೆಯನ್ನೂ ಪಡೆದರು. ಲ ಮಾನ್‌ನಲ್ಲಿ ಓಡಬೇಕಾದರೆ ಅಂಥ 50 ಕಾರುಗಳನ್ನು ಸಾರ್ವಜನಿಕರಿಗಾಗಿ ತಯಾರಿಸಬೇಕೆಂಬ ನಿಯಮವಿದ್ದುದರಿಂದ, ಸಂಸ್ಥಾಪಕರಿಗೆ ಇಷ್ಟವಿಲ್ಲದ ಕಾರನ್ನು ಅವರ ಕಾರ್ಖಾನೆಯೇ ಕಟ್ಟಬೇಕಾಯಿತು. ಮಿಕ್ಕ ಐದು ಬರ್ಕಿನ್ ತಂಡಕ್ಕೆ ಸೇರಿದವು.

ಇಷ್ಟೆಲ್ಲ ಆಗಿಯೂ ಈ ಕಾರು ಒಂದೇ ಒಂದು ದೊಡ್ಡ ಓಟವನ್ನೂ ಗೆಲ್ಲಲಿಲ್ಲ. 1930ರ ಲ ಮಾನ್‌ನಲ್ಲಿ ಬರ್ಕಿನ್ ಎರಡು ಚಕ್ರಗಳನ್ನು ಹುಲ್ಲಿನ ಮೇಲೆ ಇಳಿಸಿಕೊಂಡು ರುಡಾಲ್ಫ್ ಕರಾಚಿಯೋಲಾ ಓಡಿಸುತ್ತಿದ್ದ ಮರ್ಸಿಡಿಸ್ಸನ್ನು ಹಿಂದೆ ಹಾಕಿದ್ದು ಇಂದಿಗೂ ರೇಸ್ ಪ್ರಿಯರ ಬಾಯಲ್ಲಿರುವ ಕತೆ. ಆದರೆ ಓಟ ಮುಗಿಯುವ ಹೊತ್ತಿಗೆ ಸೂಪರ್‌ಚಾರ್ಜರ್ ಇದ್ದ ಬೆಂಟ್ಲಿಗಳು ಕೆಟ್ಟು ನಿಂತಿದ್ದವು, ಗೆದ್ದದ್ದು ಬಾರ್ನಾಟೊ ಮತ್ತು ಗ್ಲೆನ್ ಕಿಡ್‌ಸ್ಟನ್ ಓಡಿಸಿದ ಸ್ಪೀಡ್ ಸಿಕ್ಸ್. ಅದೇ ವರ್ಷ ಪೋ ನಗರದಲ್ಲಿ ನಡೆದ ಫ್ರೆಂಚ್ ಗ್ರ್ಯಾನ್ ಪ್ರಿಯಲ್ಲಿ ಹಗುರವಾದ ಬುಗಾಟಿಗಳ ನಡುವೆ ಈ ಭಾರಿ ಕಾರು ಎರಡನೆಯ ಸ್ಥಾನ ಪಡೆದದ್ದೇ ಅದರ ದೊಡ್ಡ ಸಾಧನೆ. ಬೆಂಟ್ಲಿಗಳನ್ನು ವೇಗದ ಲಾರಿಗಳೆಂದು ಎತ್ತೊರೆ ಬುಗಾಟಿ ಹಂಗಿಸಿದ್ದರೆಂಬ ಮಾತು ಪ್ರಚಲಿತವಾಗಿರುವುದರಿಂದ, ಆ ಎರಡನೆಯ ಸ್ಥಾನವನ್ನು ಬೆಂಟ್ಲಿ ಅಭಿಮಾನಿಗಳು ಗೆಲುವಿಗಿಂತ ಒಂದು ಕೈ ಮೇಲೆಂದೇ ಎಣಿಸುತ್ತಾರೆ. ನಾನೂ ಹಾಗೆಯೇ ಎಣಿಸುವವನು, ಆದ್ದರಿಂದ ಈ ವಿಮರ್ಶೆ ಸಂಪೂರ್ಣ ನಿಷ್ಪಕ್ಷಪಾತವಾದುದೆಂದು ಓದುಗರು ಭಾವಿಸಬೇಕಾಗಿಲ್ಲ.

ಕಿಟ್‌ನ ಜೀವ ಇರುವುದು ಕಾರಿನ ಮೂತಿಯಲ್ಲಿ. ಸೂಪರ್‌ಚಾರ್ಜರ್ ಬಾನೆಟ್ಟಿನ ಒಳಗಿಲ್ಲ; ರೇಡಿಯೇಟರಿನ ಮುಂದೆ, ಚಾಸಿಯ ಎರಡು ತೊಲೆಗಳ ನಡುವೆ, ಹೊರಗೆ ಕಾಣುವಂತೆ ಕುಳಿತಿದೆ. ಎಂಜಿನ್ನಿನ ಮುಖ್ಯ ದಂಡವಾದ ಕ್ರ್ಯಾಂಕ್‌ಶಾಫ್ಟಿನ ಮುಂತುದಿಯಿಂದಲೇ ನೇರವಾಗಿ ತಿರುಗುವ ಅದರೊಳಗೆ ಎರಡು ರೋಟರುಗಳು ಒಂದಕ್ಕೊಂದು ಎದುರಾಗಿ ಸುತ್ತುತ್ತ ಗಾಳಿಯನ್ನು ತಳ್ಳುತ್ತವೆ. ಎರಡು ಎಸ್‌ಯು ಕಾರ್ಬುರೇಟರುಗಳು ಎಂಜಿನ್ನಿನ ಪಕ್ಕದಲ್ಲಿರದೆ ಈ ಸೂಪರ್‌ಚಾರ್ಜರಿನ ಬದಿಗೇ ಅಂಟಿಕೊಂಡಿರುವುದರಿಂದ, ಪೆಟ್ರೋಲು ಮತ್ತು ಗಾಳಿ ಮೊದಲು ಬೆರೆತು, ಆಮೇಲೆ ಒತ್ತಡಕ್ಕೆ ಸಿಕ್ಕು, ಕೊಳವೆಯ ಮೂಲಕ ಎಂಜಿನ್ನಿಗೆ ಹೋಗುತ್ತವೆ. ಈ ಸಂಗತಿಯನ್ನು ನಾನು ಬಹಳ ಹಿಂದೆಯೇ ಓದಿದ್ದೆ. ಆದರೆ ಆ ಭಾಗಗಳನ್ನು ಒಂದೊಂದಾಗಿ ಅಂಟಿಸುವಾಗಲೇ ಅದರ ಅರ್ಥ ಬಿಚ್ಚಿಕೊಂಡದ್ದು: ಮೊದಲೇ ಉದ್ದವಾಗಿದ್ದ ಎಂಜಿನ್ನಿನ ಮುಂದೆ ಇಷ್ಟು ದೊಡ್ಡ ಲೋಹದ ಗಂಟನ್ನು ಕಟ್ಟಿದರೆ ಮುಂಗಾಲಿಗಳ ಮೇಲಿನ ಹೊರೆ ಏರದೆ ಇರುವುದಿಲ್ಲ, ತಿರುವಿನಲ್ಲಿ ಕಾರು ಮೂತಿಯನ್ನು ಹೊರಕ್ಕೆ ಎಳೆಯದೆ ಇರುವುದಿಲ್ಲ. ಶಕ್ತಿಯ ಲೆಕ್ಕವೂ ಅಷ್ಟೇ ಸ್ಪಷ್ಟ. 4398 ಸಿಸಿಯ ಇದೇ ಎಂಜಿನ್ ಸೂಪರ್‌ಚಾರ್ಜರ್ ಇಲ್ಲದೆ ರೇಸಿಗೆ ಸಜ್ಜಾದಾಗ 130 ಅಶ್ವಶಕ್ತಿ ಕೊಡುತ್ತಿತ್ತು, ಸೂಪರ್‌ಚಾರ್ಜರ್ ಇದ್ದ ರೇಸ್ ಕಾರಿನಲ್ಲಿ ಅದು 240ಕ್ಕೆ ಏರಿತು. ಅಷ್ಟು ಶಾಖ ಮತ್ತು ಒತ್ತಡವನ್ನು ಇಪ್ಪತ್ತನಾಲ್ಕು ಗಂಟೆ ತಡೆದುಕೊಳ್ಳಲು ಆ ನಾಲ್ಕು ಸಿಲಿಂಡರುಗಳಿಗೆ ಆಗಲಿಲ್ಲವೆಂದರೆ ಅಚ್ಚರಿಪಡಬೇಕಾದ್ದೇನೂ ಇಲ್ಲ.

ಎಂಜಿನ್ನಿನ ಭಾಗವೂ ಹಳೆಯ ಅಚ್ಚು ಎನ್ನಿಸದಷ್ಟು ಖಚಿತವಾಗಿದೆ. ಬೆಂಟ್ಲಿ ಎಂಜಿನ್ನಿನಲ್ಲಿ ಸಿಲಿಂಡರ್ ಬ್ಲಾಕು ಮತ್ತು ಹೆಡ್ಡು ಒಂದೇ ಎರಕದಲ್ಲಿ ಬಂದಿರುತ್ತವೆ, ನಡುವೆ ಗ್ಯಾಸ್ಕೆಟ್ ಎಂಬುದೇ ಇಲ್ಲ. ಆ ಎತ್ತರದ, ಒಂದೇ ಗೋಡೆಯಂಥ ಆಕಾರ ಇಲ್ಲಿ ಚೆನ್ನಾಗಿ ಮೂಡಿದೆ. ಪ್ರತಿ ಸಿಲಿಂಡರಿಗೂ ನಾಲ್ಕು ವಾಲ್ವುಗಳು, ಎರಡು ಸ್ಪಾರ್ಕ್ ಪ್ಲಗ್ಗುಗಳು ಇದ್ದ ಕಾರಿದು. ಹಾಗಾಗಿ ಎಂಟು ಪ್ಲಗ್ಗುಗಳಿಗೂ ವೈರು ಎಳೆಯುವ ಕೆಲಸವನ್ನು ಜೋಡಿಸುವವರು ಕೈಗೆತ್ತಿಕೊಂಡರೆ ಮಾದರಿಯ ಬೆಲೆಯೇ ಬೇರೆಯಾಗುತ್ತದೆ. ಹಾಳಾದ ಮೊಬೈಲ್ ಚಾರ್ಜರಿನ ತಂತಿಯನ್ನು ಸೀಳಿದರೆ ಬೇಕಾದಷ್ಟು ತೆಳುವಾದ ವೈರು ಸಿಗುತ್ತದೆ, ಅದಕ್ಕಾಗಿ ಹೊರಗಿನಿಂದ ಏನನ್ನೂ ತರಿಸಬೇಕಾಗಿಲ್ಲ.

ಚಕ್ರಗಳ ವಿಷಯದಲ್ಲಿ ಮಾತ್ರ ನನ್ನ ಉತ್ಸಾಹ ಇಳಿಯುತ್ತದೆ. ಮೂಲ ಕಾರಿನ ಸ್ಪೋಕ್ ಸುಮಾರು ನಾಲ್ಕು ಮಿಲಿಮೀಟರ್ ದಪ್ಪವೆಂದು ಹಿಡಿದರೂ ಹನ್ನೆರಡರಲ್ಲಿ ಒಂದು ಪಾಲಿಗೆ ಇಳಿಸಿದಾಗ ಅದು ಮಿಲಿಮೀಟರಿನ ಮೂರನೆಯ ಒಂದು ಭಾಗವಾಗಬೇಕು. ಅಷ್ಟು ತೆಳುವಾದ, ಅಷ್ಟು ಉದ್ದದ ಕಡ್ಡಿಯೊಳಗೆ ಕರಗಿದ ಪ್ಲಾಸ್ಟಿಕ್ ತುದಿಯವರೆಗೂ ಹರಿಯುವುದು ಕಷ್ಟ, ಹರಿದರೂ ಅಚ್ಚಿನಿಂದ ಬಿಡಿಸುವಾಗ ಮುರಿಯದೆ ಉಳಿಯುವುದು ಇನ್ನೂ ಕಷ್ಟ. ಆದ್ದರಿಂದ ಪ್ಲಾಸ್ಟಿಕ್ ಕಿಟ್ ಯಾವುದೇ ಆಗಿರಲಿ, ಸ್ಪೋಕುಗಳು ನಿಜಕ್ಕಿಂತ ದಪ್ಪವಾಗಿಯೇ ಇರುತ್ತವೆ. ಇಲ್ಲಿಯೂ ಹಾಗೆಯೇ ಇವೆ, ಮತ್ತು ಇಷ್ಟು ದೊಡ್ಡ ಮಾದರಿಯಲ್ಲಿ ಅದು ಕಣ್ಣಿಗೆ ಬೀಳುತ್ತದೆ. ತಾಳ್ಮೆ ಇರುವವರು ಪ್ಲಾಸ್ಟಿಕ್ ಸ್ಪೋಕುಗಳನ್ನು ಕತ್ತರಿಸಿ ತೆಗೆದು, ರಿಮ್ಮಿಗೂ ಹಬ್ಬಿಗೂ ಸೂಜಿಮೊನೆಯ ಡ್ರಿಲ್ಲಿನಿಂದ ತೂತು ಕೊರೆದು, ತೆಳು ಉಕ್ಕಿನ ತಂತಿಯಿಂದ ಹೊಸದಾಗಿ ಹೆಣೆಯುತ್ತಾರೆ. ನಾಲ್ಕು ಚಕ್ರಗಳೂ ಒಂದೇ ಸಮನಾಗಿ ಬರಬೇಕಾದರೆ ಮೊದಲು ರಟ್ಟಿನ ಮೇಲೆ ಸ್ಪೋಕುಗಳ ಕೋನವನ್ನು ಗುರುತಿಸಿಕೊಂಡು ಆ ನಕ್ಷೆಯ ಮೇಲೆಯೇ ರಿಮ್ಮನ್ನು ಕೂರಿಸಿ ಕೆಲಸ ಮಾಡುವುದು ಕ್ಷೇಮ. ಅಷ್ಟು ದೂರ ಹೋಗಲು ಮನಸ್ಸಿಲ್ಲದವರು ಸ್ಪೋಕುಗಳ ಬುಡಕ್ಕೆ ತೆಳುವಾದ ಕಪ್ಪು ಬಣ್ಣವನ್ನು ಹರಿಯಬಿಟ್ಟರೆ ದಪ್ಪ ಸ್ವಲ್ಪ ಮರೆಯಾಗುತ್ತದೆ.

ಕ್ರೋಮ್ ಲೇಪನದ ಭಾಗಗಳ ಬಗ್ಗೆ ಎರಡು ಮಾತು. ಸ್ಟೈರೀನ್ ಪ್ಲಾಸ್ಟಿಕ್ಕಿಗೆ ಬಳಸುವ ತೆಳು ಅಂಟು ನಿಜವಾಗಿ ಅಂಟಲ್ಲ, ಎರಡೂ ಮೈಗಳನ್ನು ಕರಗಿಸಿ ಬೆಸೆಯುವ ದ್ರಾವಕ. ಲೇಪನದ ಮೇಲೆ ಅದು ಕೆಲಸ ಮಾಡುವುದಿಲ್ಲವಾದ್ದರಿಂದ ಜೋಡಿಸುವ ಜಾಗದಲ್ಲಿ ಲೇಪನವನ್ನು ಬ್ಲೇಡಿನಿಂದ ಕೆರೆದು ತೆಗೆಯಲೇಬೇಕು. ಎರಡನೆಯದಾಗಿ, ಧೂಳು ಮತ್ತು ಎಣ್ಣೆಯಲ್ಲಿ ಓಡಿದ ರೇಸ್ ಕಾರಿಗೆ ಮದುವೆ ಮನೆಯ ಸ್ಟೀಲ್ ಪಾತ್ರೆಯ ಹೊಳಪು ಒಪ್ಪುವುದಿಲ್ಲ. ಲೇಪನದ ಮೇಲೆ ಹೊಳಪಿಲ್ಲದ ವಾರ್ನಿಷ್ಷನ್ನು ತೆಳುವಾಗಿ ಎರಚಿ ನಾನು ಅದನ್ನು ತಗ್ಗಿಸಿದೆ. ಹೆಡ್‌ಲೈಟುಗಳಿಗೆ ಮಾತ್ರ ಮೂಲ ಹೊಳಪನ್ನು ಉಳಿಸಿದೆ.

ಬಣ್ಣದ ಪ್ರಶ್ನೆ ನಮ್ಮ ಊರಿನವರಿಗೆ ಬೇರೆಯದೇ ಆಗಿದೆ. ಮಾದರಿಗಳಿಗೆಂದೇ ತಯಾರಾಗುವ ವಿದೇಶಿ ಬಣ್ಣಗಳಲ್ಲಿ ಬಹಳಷ್ಟು ಬೇಗ ಉರಿಯುವ ದ್ರವಗಳಾದ್ದರಿಂದ ವಿಮಾನದ ಸಾಗಣೆಗೆ ನಿರ್ಬಂಧವಿದೆ, ತರಿಸಿದರೂ ತಡವಾಗುತ್ತದೆ. ಕಾರುಗಳಿಗೆ ಬಣ್ಣ ಬೆರೆಸಿಕೊಡುವ ಅಂಗಡಿಗಳಲ್ಲಿ ಕೇಳಿದರೆ ಬೇಕಾದ ಹಸಿರನ್ನು ಸಣ್ಣ ಡಬ್ಬಿಯಲ್ಲಿಯೂ ಕಲಸಿ ಕೊಡುತ್ತಾರೆ. ಏರ್‌ಬ್ರಷ್ಷಿಗೆ ಅದನ್ನು ಥಿನ್ನರಿನಿಂದ ಚೆನ್ನಾಗಿ ತೆಳುಮಾಡಿಕೊಳ್ಳಬೇಕು, ಮತ್ತು ಆ ಥಿನ್ನರ್ ಬರಿಯ ಪ್ಲಾಸ್ಟಿಕ್ಕನ್ನು ಕಚ್ಚುವುದರಿಂದ ಪ್ರೈಮರ್ ಇಲ್ಲದೆ ಎಂದಿಗೂ ಎರಚಬಾರದು. ಬ್ರಿಟಿಷ್ ರೇಸ್ ಕಾರುಗಳಿಗೆ ಹಸಿರು ಬಂದದ್ದು 1903ರ ಗಾರ್ಡನ್ ಬೆನೆಟ್ ಓಟ ಐರ್ಲೆಂಡಿನಲ್ಲಿ ನಡೆದಾಗ. ಆತಿಥೇಯರ ಗೌರವಾರ್ಥವಾಗಿ ಹಚ್ಚಿದ ಬಣ್ಣ ಅಲ್ಲಿಂದಾಚೆಗೆ ಉಳಿದುಕೊಂಡಿತು. ಆ ಹಸಿರು ಒಂದೇ ಛಾಯೆಯದಾಗಿರಲಿಲ್ಲ, ತಂಡದಿಂದ ತಂಡಕ್ಕೆ ಬದಲಾಗುತ್ತಿತ್ತು. ಆದ್ದರಿಂದ ಕಪ್ಪಿಗೆ ಹತ್ತಿರವಾದ ಗಾಢ ಹಸಿರೇ ಸರಿ ಎಂದು ಹಟ ಹಿಡಿಯುವವರ ಮಾತನ್ನು ನಾನು ಒಪ್ಪುವುದಿಲ್ಲ. ಮೈಸೂರಿನಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಈ ಕೆಲಸ ಬೇಡ: ಥಿನ್ನರ್ ಬೇಗ ಆವಿಯಾಗುವಾಗ ಬಣ್ಣದ ಮೈ ತಣ್ಣಗಾಗಿ ಗಾಳಿಯ ತೇವ ಅದರ ಮೇಲೆ ಕೂರುತ್ತದೆ, ಹಸಿರು ಬಿಳಿಚಿಕೊಳ್ಳುತ್ತದೆ. ಶಿವರಾತ್ರಿಯ ಆಸುಪಾಸಿನ ಒಣ ಮಧ್ಯಾಹ್ನಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ.

ಈ ಹಸಿರಿಗೆ ಹೊಳಪು ಕೊಡದಿರುವುದೇ ಲೇಸೆಂದು ನಾನು ಹೇಳುವುದಕ್ಕೆ ಇನ್ನೊಂದು ಕಾರಣವೂ ಉಂಟು. ಲ ಮಾನ್‌ಗಾಗಿ ಕಟ್ಟಿದ ಬೆಂಟ್ಲಿಗಳ ನಾಲ್ಕು ಸೀಟಿನ ಹೊರಮೈ ಲೋಹದ ತಗಡಲ್ಲ, ಮರದ ಚೌಕಟ್ಟಿನ ಮೇಲೆ ಬಿಗಿದ ಬಟ್ಟೆ. ಬಾನೆಟ್ ಲೋಹದ್ದು, ಹಿಂಭಾಗ ಬಟ್ಟೆಯದು ಎಂಬ ಈ ವ್ಯತ್ಯಾಸವನ್ನು ಬಣ್ಣದ ಹೊಳಪಿನಲ್ಲಿಯೇ ತೋರಿಸಬೇಕು: ಮುಂದೆ ಅರೆಹೊಳಪು, ಹಿಂದೆ ಹೊಳಪೇ ಇಲ್ಲದ ಮೈ. ಇಂಥ ಸೂಕ್ಷ್ಮಗಳನ್ನು ಛಾಯಾಚಿತ್ರದಿಂದ ಕಲಿಯುವುದು ಕಷ್ಟ. ಶ್ರೀರಂಗಪಟ್ಟಣದ ಬಳಿ ಹೆದ್ದಾರಿಯ ಪಕ್ಕದಲ್ಲಿರುವ ‘ಪಯಣ’ ಕಾರು ಸಂಗ್ರಹಾಲಯವನ್ನು ಈ ಹವ್ಯಾಸದವರು ಒಮ್ಮೆ ನೋಡಿಬರಬೇಕು, ಧರ್ಮಸ್ಥಳದ ಡಾ. ಡಿ. ವೀರೇಂದ್ರ ಹೆಗ್ಗಡೆಯವರ ಸಂಗ್ರಹದ ಹಳೆಯ ಕಾರುಗಳನ್ನು ಅಲ್ಲಿ ಹತ್ತಿರದಿಂದ ಕಾಣಬಹುದು. ರೇಸ್ ಕಾರುಗಳನ್ನು ಹುಡುಕಿಕೊಂಡು ಹೋಗಬಾರದು. ಹಳೆಯ ಚರ್ಮ ಮಡಿಕೆಯಲ್ಲಿ ಹೇಗೆ ಬಣ್ಣಗೆಡುತ್ತದೆ, ದೀಪದ ಅಂಚಿನ ಲೋಹ ಎಲ್ಲಿ ಮಂಕಾಗುತ್ತದೆ ಎಂಬುದನ್ನು ನೋಡಿ ಮನಸ್ಸಿನಲ್ಲಿಟ್ಟುಕೊಂಡು ಬಂದರೆ ಸೀಟಿಗೂ ಬಾನೆಟ್ಟಿನ ಪಟ್ಟಿಗೂ ಬಣ್ಣ ಹಚ್ಚುವಾಗ ಕೈ ತಾನಾಗಿ ಸರಿದಾರಿ ಹಿಡಿಯುತ್ತದೆ.

ಕಿಟ್‌ನಲ್ಲಿ ಚಾಲಕನ ಗೊಂಬೆಯೂ ಇದೆ. ಬರ್ಕಿನ್ ಕುತ್ತಿಗೆಗೆ ಸದಾ ಕಟ್ಟುತ್ತಿದ್ದ ನೀಲಿ-ಬಿಳಿ ಚುಕ್ಕೆಯ ರೇಷ್ಮೆ ವಸ್ತ್ರವನ್ನು ಬರೆಯುವ ಚಪಲ ಯಾರಿಗಾದರೂ ಹುಟ್ಟುತ್ತದೆ. ಬರೆದ ಮೇಲೂ ನಾನು ಗೊಂಬೆಯನ್ನು ಕಾರಿನಲ್ಲಿ ಕೂರಿಸಲಿಲ್ಲ, ಏಕೆಂದರೆ ಅದು ಡ್ಯಾಷ್‌ಬೋರ್ಡಿನ ಮಾಪಕಗಳನ್ನೂ ಪೆಡಲುಗಳ ಜಾಗವನ್ನೂ ಮರೆಮಾಡುತ್ತದೆ.

ಇದನ್ನು ಮೊದಲ ಕಿಟ್ ಆಗಿ ಯಾರೂ ಕೊಳ್ಳಬಾರದು. ಭಾಗಗಳು ನೂರಾರು, ಚಾಸಿ ಕಿಂಚಿತ್ ತಿರುಚಿಕೊಂಡರೂ ಕೊನೆಗೆ ನಾಲ್ಕು ಚಕ್ರಗಳೂ ಮೇಜಿಗೆ ತಾಗುವುದಿಲ್ಲ. ಆದ್ದರಿಂದ ಚಾಸಿಯ ತೊಲೆಗಳನ್ನು ಸಮತಟ್ಟಾದ ಗಾಜಿನ ಮೇಲೆ ಕಟ್ಟಿಟ್ಟು, ಅಂಟು ಪೂರ್ತಿ ಗಟ್ಟಿಯಾಗುವವರೆಗೆ ಮುಂದಿನ ಹಂತಕ್ಕೆ ಹೋಗಬಾರದು. ಇಪ್ಪತ್ತನಾಲ್ಕರಲ್ಲಿ ಒಂದು ಪ್ರಮಾಣದ ಸಾಧಾರಣ ಕಾರುಗಳನ್ನು ಕಟ್ಟಿ ಕೈ ಪಳಗಿದ ಮೇಲೆ ಇದಕ್ಕೆ ಬರಬಹುದು. ಕಿಟ್ ಎಲ್ಲ ಕಾಲದಲ್ಲಿಯೂ ತಯಾರಿಕೆಯಲ್ಲಿ ಇರುವುದಿಲ್ಲವಾದ್ದರಿಂದ ಹಳೆಯ ಪೆಟ್ಟಿಗೆಯನ್ನು ಕೊಳ್ಳುವ ಸಂದರ್ಭ ಬಂದರೆ ಟೈರುಗಳ ಚಿತ್ರವನ್ನು ಮಾರುವವರಿಂದ ಕೇಳಿ ಪಡೆಯಬೇಕು. ಮೆತ್ತನೆಯ ಟೈರು ಗಟ್ಟಿ ಪ್ಲಾಸ್ಟಿಕ್ಕಿಗೆ ತಾಗಿಕೊಂಡು ವರ್ಷಾನುಗಟ್ಟಲೆ ಉಳಿದರೆ ಎರಡೂ ಕರಗಿ ಅಂಟಿಕೊಳ್ಳುವುದುಂಟು. ವಿದೇಶದಿಂದ ನೇರವಾಗಿ ತರಿಸುವವರು ಆಮದು ಸುಂಕವನ್ನು ಲೆಕ್ಕಕ್ಕೆ ಸೇರಿಸಿಕೊಂಡೇ ಬೆಲೆಯನ್ನು ಹೋಲಿಸಬೇಕು. ಮುಗಿದ ಕಾರು ಸುಮಾರು ಮೂವತ್ತಾರು ಸೆಂಟಿಮೀಟರ್ ಉದ್ದ, ಹದಿನಾಲ್ಕು ಸೆಂಟಿಮೀಟರ್‌ಗೂ ಹೆಚ್ಚು ಅಗಲ. ಬಾನೆಟ್ಟಿನ ಬದಿಗಳನ್ನು ತೆಗೆದು ಪಕ್ಕದಲ್ಲಿಡುವುದಾದರೆ ಇನ್ನೊಂದು ಗೇಣು ಜಾಗ ಬೇಕಾಗುತ್ತದೆ, ಗಾಜಿನ ಪೆಟ್ಟಿಗೆ ಮಾಡಿಸುವವರು ಅಳತೆ ಕೊಡುವಾಗ ಅದನ್ನೂ ಸೇರಿಸಿ ಕೊಡಲಿ.